ಮುಚ್ಚಳ ತೆರೆಯದ ನಶ್ಯದ ಡಬ್ಬಿ

ನಾನು ಒಂದು ನಶ್ಯದ ಡಬ್ಬಿ. ಹಿತ್ತಾಳೆಯದು, ದುಂಡಗೆ, ಅಂಗೈಯೊಳಗೆ ಅಡಗುವಷ್ಟು ಸಣ್ಣದು. ಈಗ ನನಗೆ ಬಿಳಿ ದಾರ ಸುತ್ತಿ ಅದಕ್ಕೊಂದು ಚೀಟಿ ಕಟ್ಟಿದ್ದಾರೆ. ಚೀಟಿಯಲ್ಲಿ ಹೆಸರಿಲ್ಲ, ಬರೀ ನಂಬರು. ಆ ನಂಬರು ನನಗೆ ಹೇಗೆ ಬಂತು ಎಂದು ಹೇಳಬೇಕಾದರೆ ಹುಟ್ಟಿದ ದಿನದಿಂದಲೇ ಹೇಳಬೇಕು. ಹೇಳಲು ನಾಚಿಕೆಯಾಗುತ್ತದೆ. ಆದರೂ ಹೇಳಿಯೇ ತೀರುತ್ತೇನೆ. ಒಳಗಿನದನ್ನು ಒಳಗೇ ಇಟ್ಟುಕೊಂಡದ್ದರಿಂದಲೇ ನನಗೆ ಈ ಗತಿ ಬಂದದ್ದು.

ನನ್ನನ್ನು ಮಾಡಿದವನು ಹಾವೇರಿಯ ಸಣ್ಣ ಓಣಿಯೊಂದರಲ್ಲಿ ಕೂರುತ್ತಿದ್ದ ಮೌನೇಶಪ್ಪ ಎಂಬ ಕಂಚುಗಾರ. ಹೆಸರು ಮೌನೇಶಪ್ಪ, ಬಾಯಿ ಮಾತ್ರ ಒಂದು ಕ್ಷಣ ಸುಮ್ಮನಿರುತ್ತಿರಲಿಲ್ಲ. ಬಿಂದಿಗೆ ಮಾಡಿ ಉಳಿದ ತಗಡಿನ ತುಂಡನ್ನು ಬಡಿದು, ಬಾಗಿಸಿ, ಬೆಸೆದು ನನ್ನನ್ನು ಮಾಡಿದ. ನನ್ನ ಮೈಗಿಂತ ಮುಚ್ಚಳಕ್ಕೇ ಅವನು ಹೆಚ್ಚು ಹೊತ್ತು ಕೂತ. ಮುಚ್ಚಳ ಹಾಕುವುದು, ಮೂಗಿನ ಹತ್ತಿರ ಹಿಡಿಯುವುದು, "ಇನ್ನೂ ಘಮಾ ಬರಾಕತ್ತೇತಿ" ಎಂದು ಮತ್ತೆ ಬಡಿಯುವುದು. ಕೊನೆಗೊಮ್ಮೆ ಒಳಗೆ ನಶ್ಯ ತುಂಬಿ ಮೂಸಿ ನೋಡಿದಾಗ ಏನೂ ವಾಸನೆ ಬರಲಿಲ್ಲ. ಆಗ ನನ್ನನ್ನು ಎತ್ತಿ ಹಿಡಿದು ಪಕ್ಕದ ಅಂಗಡಿಯವನಿಗೆ ತೋರಿಸಿದ.

"ನೋಡಪಾ, ಒಳಗಿಂದು ಹೊರಗ ಬರಬಾರದು. ಅದಕ್ಕ ಅನ್ನೂದು ಡಬ್ಬಿ ಅಂತ."

ಆ ಮಾತು ಕೇಳಿ ನನಗೆ ಕೋಡು ಮೂಡಿತು. ಎಷ್ಟೋ ವರ್ಷ ಅದೇ ಜಂಬದಲ್ಲಿ ಬದುಕಿದೆ. ಥೂ, ನನ್ನ ಜಂಬಕ್ಕಿಷ್ಟು.

ನನ್ನನ್ನು ಕೊಂಡವರು ಬ್ಯಾಡಗಿಯ ಫಕ್ಕೀರಪ್ಪ ಮಾಸ್ತರರು. ಪ್ರಾಥಮಿಕ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದರು. ಕೊಂಡ ದಿನವೇ ಅಲ್ಲಿಯೇ ನಿಂತು ನನ್ನ ತಳದಲ್ಲಿ ಚುಕ್ಕೆ ಚುಕ್ಕೆಯಾಗಿ 'ಫ. ಮಾಸ್ತರ, ಬ್ಯಾಡಗಿ' ಎಂದು ಕೆತ್ತಿಸಿದರು. ಮನೆಯ ತಾಟು, ತಂಬಿಗೆ, ಕೊಡ ಎಲ್ಲದರ ಮೇಲೂ ಹೆಸರು ಹಾಕಿಸುವ ಮನೆತನ ಅವರದು. ನನ್ನನ್ನು ಬಿಟ್ಟಾರೆಯೇ?

ನನ್ನನ್ನು ತೆರೆಯುವುದಕ್ಕೆ ಒಂದು ಗತ್ತು ಬೇಕು. ಮುಚ್ಚಳದ ಅಂಚಿನಲ್ಲಿ ಸಣ್ಣ ಕಚ್ಚು ಇದೆ. ಅಲ್ಲಿ ಹೆಬ್ಬೆರಳಿನ ಉಗುರು ಊರಿ, ಸ್ವಲ್ಪ ಒತ್ತಿ, ಎಡಕ್ಕೆ ತಿರುಗಿಸಬೇಕು. ಮಾಸ್ತರರ ಹೆಬ್ಬೆರಳಿಗೆ ಅದು ನೀರು ಕುಡಿದಷ್ಟು ಸುಲಭ. ಎರಡು ಸಲ ನನ್ನ ತಲೆಗೆ ಬಡಿದು, ಚಟ್ಟನೆ ತೆರೆದು, ಒಂದು ಚಿಟಿಕೆ ತೆಗೆದು ಮೂಗಿಗೇರಿಸಿ, ಮತ್ತೆ ಚಟ್ಟನೆ ಮುಚ್ಚುತ್ತಿದ್ದರು. ಲೆಕ್ಕ ತಪ್ಪಿದವರ ಪಾಲಿಗೆ ಆ ಚಟ್ ಸದ್ದೇ ಎಚ್ಚರಿಕೆ.

ಒಂದು ಸಲ ಮೆಣಸಿನಕಾಯಿ ಪೇಟೆಯಲ್ಲಿ ಬೀಡಾಡಿ ಗೂಳಿಯೊಂದು ಕೋಡು ತಗ್ಗಿಸಿಕೊಂಡು ಮಾಸ್ತರರ ಮೇಲೇ ಬಂತು. ಓಡಲು ಜಾಗವಿಲ್ಲ, ಎರಡೂ ಕಡೆ ಚೀಲಗಳ ರಾಶಿ. ಮಾಸ್ತರರು ಚಟ್ಟನೆ ನನ್ನನ್ನು ತೆರೆದು ಇದ್ದಷ್ಟೂ ನಶ್ಯವನ್ನು ಅದರ ಮೂಗಿಗೆ ಎರಚಿಬಿಟ್ಟರು. ಗೂಳಿ ಗಕ್ಕನೆ ನಿಂತಿತು. ಆಮೇಲೆ ಸೀನಿತು ನೋಡಿ! ಹನ್ನೊಂದು ಸಲ ಸೀನಿ, ಬಾಲ ಮುದುರಿಕೊಂಡು ಬಂದ ದಾರಿಯಲ್ಲಿ ಹೊರಟು ಹೋಯಿತು. ಪೇಟೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಆ ಕಥೆಯನ್ನು ಮಾಸ್ತರರ ಮನೆಯಲ್ಲಿ ಹಬ್ಬ ಹಬ್ಬಕ್ಕೂ ಹೇಳುತ್ತಿದ್ದರು. ಪ್ರತಿ ಸಲವೂ ನಾನು ಗೂಡಿನಲ್ಲಿ ಕೂತು ಬೀಗುತ್ತಿದ್ದೆ.

ಮಾಸ್ತರರು ತೀರಿಕೊಂಡ ಮೇಲೆ ಗೋಡೆಯ ಗೂಡೇ ನನ್ನ ಮನೆಯಾಯಿತು. ಮಾಸ್ತರರ ಮಗ ಪರಸಪ್ಪ ಪೇಟೆಯಲ್ಲಿ ಲಾರಿಗೆ ಚೀಲ ಏರಿಸುವವನು. ಅವನ ಹೆಂಡತಿ ಮಾಂತವ್ವ ಅದೇ ಪೇಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವವಳು. ಅವರಿಗೆ ಒಬ್ಬಳೇ ಮಗಳು, ಶಿವಲೀಲಾ. ಹತ್ತೊಂಬತ್ತು ತುಂಬಿತ್ತು. ಹಾವೇರಿಯಲ್ಲಿ ನರ್ಸಿಂಗ್ ಓದಲು ಸೀಟು ಸಿಕ್ಕಿತು. ಮೂರು ವರ್ಷದ ಓದು. ದಿನಾ ಬಸ್ಸಿನಲ್ಲಿ ಹೋಗಿ ಬರಬೇಕು.

ಪರಸಪ್ಪ ಕೆಟ್ಟವನಲ್ಲ, ಆದರೆ ಊರ ಬಾಯಿಗೆ ಬಹಳ ಹೆದರುವವನು. ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಮೂರನೆಯ ದಿನ ಕೈ ತೊಳೆಯುತ್ತ ಹೇಳಿದ:

"ಹೋಗ್ಲಿ. ಆದರ ಒಂದು ಮಾತು. ಈ ಹುಡುಗಿ ವಿಷಯದಾಗ ಊರಾಗ ಒಂದ ಒಂದು ಸುದ್ದಿ ನನ್ನ ಕಿವಿಗೆ ಬಿದ್ರ, ಅವತ್ತ ಕಾಲೇಜು ಬಂದ್. ತಪ್ಪು ಯಾರದಂತ ನಾ ಕೇಳೂದಿಲ್ಲ."

ಶಿವಲೀಲಾ "ಹೂಂ ಅಪ್ಪಾ" ಎಂದಳು. ಆ ಹೂಂ ಎಷ್ಟು ಭಾರದ್ದು ಎಂಬುದು ಆ ದಿನ ನನಗೂ ತಿಳಿಯಲಿಲ್ಲ.

ಮಾರನೆಯ ದಿನದಿಂದ ಮಾಂತವ್ವ ಮಗಳಿಗೆ ಪಾಠ ಶುರು ಮಾಡಿದಳು. ಬಸ್ಸಿನಲ್ಲಿ ಕಂಡಕ್ಟರ್ ಕಣ್ಣಿಗೆ ಬೀಳುವ ಜಾಗದಲ್ಲೇ ಕೂರಬೇಕು. ಪಕ್ಕದಲ್ಲಿ ಹೆಂಗಸು ಇರಬೇಕು. ಚೀಲ ತೊಡೆಯ ಮೇಲಿರಬೇಕು. ವೇಲಿಗೆ ಎರಡು ಪಿನ್ನು ಹೆಚ್ಚಿಗೆ ಚುಚ್ಚಿಕೊಂಡಿರಬೇಕು, ಅವು ವೇಲಿಗಷ್ಟೇ ಅಲ್ಲ. ಇಳಿದ ಮೇಲೆ ಮೊಬೈಲು ನೋಡುತ್ತ ನಡೆಯಬಾರದು. ಇಷ್ಟೆಲ್ಲ ಹೇಳಿಯೂ ಅವಳಿಗೆ ಸಮಾಧಾನವಾಗಲಿಲ್ಲ. ಗೂಡಿನ ಕಡೆ ನೋಡಿದಳು. ಗೂಳಿ ನೆನಪಾಯಿತು.

"ನಿಮ್ಮಜ್ಜನ ಡಬ್ಬಿ ಐತಲ್ಲ! ಇದರಾಗ ಖಾರಪುಡಿ ತುಂಬಿ ಕೊಡ್ತೇನಿ. ಯಾವನರ ಮೈಮ್ಯಾಲ ಬಂದ್ರ ಕಣ್ಣಿಗೆ ಹೊಡಿ."

ಹೀಗೆ ನಾನು ಮುದಿತನದಲ್ಲಿ ಮತ್ತೆ ನೌಕರಿಗೆ ಸೇರಿದೆ. ಅದೂ ರಕ್ಷಣೆಯ ನೌಕರಿ!

ಹಿತ್ತಿಲಲ್ಲಿ ತಾಲೀಮು ನಡೆಯಿತು. ಮಾಂತವ್ವ ಮಾವನವರ ಹಳೆಯ ರುಮಾಲು ಸುತ್ತಿಕೊಂಡು ಪುಂಡನಾದಳು. ಖಾರ ದಂಡ ಮಾಡುವಂತಿಲ್ಲ, ಅದಕ್ಕೇ ನನ್ನೊಳಗೆ ಜೋಳದ ಹಿಟ್ಟು ಹಾಕಿದ್ದರು. ಪುಂಡ ಮೀಸೆ ತಿರುವುವ ಹಾಗೆ ಮಾಡಿ ಬಂದು ಕೈ ಹಿಡಿದ ಕೂಡಲೇ ಶಿವಲೀಲಾ ನನ್ನನ್ನು ಚಟ್ಟನೆ ತೆರೆದು ಎರಚಬೇಕು. ಮೊದಲ ಎರಡು ಸಲ ನಗು ತಡೆಯಲಾರದೆ ನೆಲಕ್ಕೆ ಕುಸಿದಳು. ಮೂರನೆಯ ಸಲ ಹಿಟ್ಟು ಸರಿಯಾಗಿ ಮಾಂತವ್ವನ ಮುಖಕ್ಕೆ ಬಿತ್ತು. ಕಣ್ಣು ಮೂಗು ಎಲ್ಲ ಬೆಳ್ಳಗಾಗಿ ನಿಂತ ತಾಯಿಯನ್ನು ನೋಡಿ ಮಗಳು ಹೊಟ್ಟೆ ಹಿಡಿದುಕೊಂಡಳು.

"ನಗತೀಯೇನ ಭಾಡ್ಯಾ, ನಾ ಪುಂಡ ಇದ್ದೇನಿ, ಓಡು!" ಎಂದು ಮಾಂತವ್ವ ಬೈದಳು. ಆಮೇಲೆ ತಾನೂ ನಕ್ಕಳು. ಆ ದಿನ ನಾನು ಒಂದು ಸಲವೂ ಕೈಕೊಡಲಿಲ್ಲ. ಒತ್ತಿದ ಕೂಡಲೇ ತೆರೆದುಕೊಂಡೆ.

ಆಮೇಲೆ ನಿಜವಾದ ಖಾರ ತುಂಬುವ ಸರದಿ. ಶಿವಲೀಲಾ ಮೆಲ್ಲಗೆ ಅಂದಳು:

"ಅವ್ವಾ, ಅಂಗಡಿಯಿಂದ ಗುಂಟೂರು ಖಾರ ತರ್ಲೇನು? ನಮ್ಮದು ನೋಡಾಕಷ್ಟ ಕೆಂಪು, ಉರಿ ಕಡಿಮಿ."

ಬ್ಯಾಡಗಿಯ ಹೆಂಗಸಿನ ಮುಂದೆ ಆಡುವ ಮಾತೇ ಅದು? ಮಾಂತವ್ವನಿಗೆ ಸಿಟ್ಟೇ ಬಂತು. "ನಮ್ಮೂರ ಖಾರ ಬಿಟ್ಟು ಯಾವೂರದೋ ಹಾಕ್ಕೊಂಡು ಹೋಗ್ತಿಯೇನು? ಜನಾ ನಕ್ಕಾರು" ಎಂದಳು. ಮನೆಗೆಂದು ವರ್ಷಕ್ಕೊಮ್ಮೆ ಆರಿಸಿ ಒಣಗಿಸಿದ ಕಾಯಿಯನ್ನು ಓಣಿಯ ತುದಿಯ ಗಿರಣಿಯಲ್ಲಿ ಬೀಸಿಸಿ ತಂದಳು. ತಂದ ಖಾರವನ್ನು ಸುಮ್ಮನೆ ತುಂಬಿದ್ದರೆ ಮುಗಿಯುತ್ತಿತ್ತು. ಆದರೆ ಖಾರ ಕೆಡಬಾರದಲ್ಲ! ವರ್ಷದ ಖಾರಕ್ಕೆ ಮಾಡುವ ಹಾಗೆಯೇ ಇದಕ್ಕೂ ಚೂರು ಉಪ್ಪು ಬೆರೆಸಿ, ಕುಸುಬಿ ಎಣ್ಣೆ ಹಚ್ಚಿ ತಿಕ್ಕಿ, ನನ್ನೊಳಗೆ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ ಒತ್ತಿ ತುಂಬಿದಳು. ಅಷ್ಟು ಪ್ರೀತಿಯಿಂದ ಯಾರೂ ನನ್ನನ್ನು ತುಂಬಿರಲಿಲ್ಲ.

"ಸುಮ್ಮಸುಮ್ಮನ ತೆಗಿಬ್ಯಾಡ ಮತ್ತ. ಘಾಟು ಹೋಗ್ತೈತಿ. ಬೇಕಾದ ದಿನಾನ ತೆಗಿ."

ಮಗಳು ತಲೆಯಾಡಿಸಿ ನನ್ನನ್ನು ಚೀಲದ ಹೊರಗಿನ ಜೇಬಿನಲ್ಲಿ ಇಟ್ಟುಕೊಂಡಳು. ಅಂದಿನಿಂದ ಯಾರೂ ನನ್ನನ್ನು ತೆರೆಯಲಿಲ್ಲ. ಎಣ್ಣೆ ಮೆಲ್ಲಮೆಲ್ಲಗೆ ಮೇಲೇರಿ ಮುಚ್ಚಳದ ಸಂದಿಗೆ ಬಂದು ಅಂಟಂಟಾಗಿ ಒಣಗತೊಡಗಿತು. ನನಗೆ ಗೊತ್ತಾಗುತ್ತಿತ್ತು. ಆದರೂ ನಾನು ಖುಷಿಯಲ್ಲೇ ಇದ್ದೆ. ಮುಚ್ಚಳ ಇನ್ನೂ ಬಿಗಿಯಾಯಿತಲ್ಲ ಎಂದುಕೊಂಡೆ.

ನಾಲ್ಕು ತಿಂಗಳು ಹೀಗೇ ಕಳೆದವು. ಒಮ್ಮೆ ಬಸ್ಸಿನಲ್ಲಿ ಹಿಂದೆ ನಿಂತವನೊಬ್ಬ ಬೇಕೆಂದೇ ಮೈಮೇಲೆ ಬೀಳುತ್ತಿದ್ದ. ಶಿವಲೀಲಾ ನನ್ನನ್ನು ಕೈಗೆ ತೆಗೆದುಕೊಂಡು ಹಿಂದೆ ತಿರುಗಿ ಅವನ ಮುಖವನ್ನೇ ದಿಟ್ಟಿಸಿದಳು. ಅವನು ಕೆಮ್ಮಿ ಮುಂದಕ್ಕೆ ಹೋದ. ನನ್ನನ್ನು ನೋಡಿಯೇ ಹೆದರಿದ ಎಂದು ನಾನು ತಿಳಿದುಕೊಂಡೆ. ಅವನು ಹೆದರಿದ್ದು ಅವಳ ಕಣ್ಣಿಗೆ.

ಇನ್ನೊಂದು ವಿಷಯ ಹೇಳಬೇಕು. ಮಾಂತವ್ವ ಕಾವಲಿಗೆ ನನ್ನೊಬ್ಬನನ್ನೇ ನಂಬಿರಲಿಲ್ಲ. ಓಣಿಯ ತುದಿಯ ಗಿರಣಿಯ ಗದಿಗೆಪ್ಪನಿಗೂ ಹೇಳಿದ್ದಳು. ಜೋಳ, ಗೋಧಿ, ಖಾರ ಎಲ್ಲ ಬೀಸುವ ಗಿರಣಿ ಅದು. ಗದಿಗೆಪ್ಪ ಐವತ್ತು ದಾಟಿದವನು, ಹಣೆ ತುಂಬ ವಿಭೂತಿ, ಎಲ್ಲ ಹೆಂಗಸರಿಗೂ "ತಂಗಿ", "ಅವ್ವಾ" ಎನ್ನುವವನು. ಬಸ್ ಸ್ಟಾಪು ಗಿರಣಿಯ ಬಾಗಿಲಿಗೆ ನೇರ ಕಾಣುತ್ತದೆ. "ಗದಿಗೆಪ್ಪಣ್ಣ, ನನ್ನ ಮಗಳು ಬಸ್ಸಿಳದು ಬರೂ ಮುಂದ ಸ್ವಲ್ಪ ಕಣ್ಣಿಡ್ರಿ" ಎಂದು ಮಾಂತವ್ವ ಬೇಡಿಕೊಂಡಿದ್ದಳು. ಶಿವಲೀಲಾ ಅವನನ್ನು ಕಾಕಾ ಎನ್ನುತ್ತಿದ್ದಳು.

ಅವತ್ತು ಮಧ್ಯಾಹ್ನ ನಾಲ್ಕು ಗಂಟೆ. ಕರೆಂಟು ಹೋಗಿತ್ತು, ಗಿರಣಿ ನಿಂತಿತ್ತು, ಬೀಸಿಸಲು ಬಂದವರೆಲ್ಲ ಡಬ್ಬಿ ಚೀಲ ಬಿಟ್ಟು ಮನೆಗೆ ಹೋಗಿದ್ದರು. ಶಿವಲೀಲಾ ಬಸ್ಸಿಳಿದು ಬರುವಾಗ ಗದಿಗೆಪ್ಪ ಬಾಗಿಲಲ್ಲಿ ನಿಂತು ಕರೆದ.

"ಬಾ ತಂಗಿ, ನಿಮ್ಮವ್ವನ ಹಿಟ್ಟು ಇಲ್ಲೇ ಉಳದೈತಿ. ಒಯ್ದು ಬಿಡು."

ಅವಳು ಒಳಗೆ ಹೋದಳು. ಯಾಕೆ ಹೋಗಬಾರದು? ಹಿಟ್ಟಿರಲಿಲ್ಲ. ಹಿಂದೆ ಬಾಗಿಲು ಅರ್ಧ ಮುಚ್ಚಿದ ಸದ್ದಾಯಿತು. ಅವನು ಅವಳ ರಟ್ಟೆ ಹಿಡಿದ.

"ಕಾಕಾ, ಬಿಡ್ರಿ" ಎಂದಳು. ಅವನು ಬಿಡಲಿಲ್ಲ. ಅವಳ ಇನ್ನೊಂದು ಕೈ ಜೇಬಿಗೆ ಬಂದು ನನ್ನನ್ನು ಹಿಡಿಯಿತು. ಬೆರಳುಗಳು ತಣ್ಣಗಾಗಿದ್ದವು, ಆದರೂ ಸರಿಯಾಗಿ ಹಿಡಿದವು. ಹೆಬ್ಬೆರಳು ಕಚ್ಚನ್ನು ಹುಡುಕಿತು, ಸಿಕ್ಕಿತು, ಒತ್ತಿತು, ಎಡಕ್ಕೆ ತಿರುಗಿಸಿತು. ಹಿತ್ತಿಲಲ್ಲಿ ಕಲಿತದ್ದನ್ನು ಒಂದಿಷ್ಟೂ ತಪ್ಪದೆ ಮಾಡಿದಳು ಆ ಹುಡುಗಿ.

ನಾನು ತೆರೆಯಲಿಲ್ಲ.

ಅವಳು ಮತ್ತೆ ಒತ್ತಿದಳು. ಉಗುರು ಮುರಿಯಿತು. ನಾನು ತೆರೆಯಲಿಲ್ಲ. ತೆರೆಯಬೇಕೆಂದು ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿದೆ, ಆದರೆ ಆ ಅಂಟು ನನ್ನ ಬಾಯನ್ನು ಬಿಗಿದು ಹಿಡಿದಿತ್ತು. ಗದಿಗೆಪ್ಪ ನನ್ನನ್ನು ನೋಡಿದ. ವಾಸನೆ ತಿಳಿಯಿತೋ, ಮಾಂತವ್ವನೇ ಹಿಂದೆ ಹೇಳಿಕೊಂಡಿದ್ದಳೋ, ನಕ್ಕುಬಿಟ್ಟ.

"ನನ್ನ ಗಿರಣ್ಯಾಗ ಬೀಸಿದ ಖಾರ ನನಗ ಹಾಕ್ತಿಯೇನು?"

ಆ ನಗು ಈಗಲೂ ನನ್ನ ಮೈಯೊಳಗೆ ಇದೆ. ಅವನು ನಗುತ್ತಿದ್ದ ಹೊತ್ತಿಗೇ ಅವಳು ಅವನ ಮುಂಗೈಯನ್ನು ಹಲ್ಲು ಇಳಿಯುವ ಹಾಗೆ ಕಚ್ಚಿದಳು. ಹಿಡಿತ ಸಡಿಲವಾಯಿತು. ಬಾಗಿಲನ್ನು ಭುಜದಿಂದ ನೂಕಿ ಓಡಿದಳು. ನಾನು ಅವಳ ಕೈಯಿಂದ ಜಾರಿ, ಹಿಟ್ಟಿನ ನೆಲದ ಮೇಲೆ ಉರುಳಿ, ಚೀಲಗಳ ಸಂದಿಯಲ್ಲಿ ಬಿದ್ದೆ. ಅವಳನ್ನು ಕಾಪಾಡಿದ್ದು ಅವಳ ಹಲ್ಲು, ಅವಳ ಕಾಲು. ನಾಲ್ಕು ತಿಂಗಳು ನೌಕರಿ ಮಾಡಿದ ನಾನಲ್ಲ.

ಗದಿಗೆಪ್ಪ ನನ್ನನ್ನು ಎತ್ತಿಕೊಂಡ. ತಳದ ಹೆಸರು ಓದಿದ. ತೆರೆಯಲು ನೋಡಿದ, ಅವನಿಗೂ ಆಗಲಿಲ್ಲ. ತೂಕದ ಕಲ್ಲುಗಳ ಹಿಂದೆ ಹಲಗೆಯ ಮೇಲೆ ಇಟ್ಟ. ಬಿಸಾಡಲಿಲ್ಲ, ಯಾಕೆಂದು ಮರುದಿನ ತಿಳಿಯಿತು. ಶಿವಲೀಲಾ ಬಸ್ಸಿಳಿದಳು. ಅವನು ನನ್ನನ್ನು ಅಂಗೈಯಲ್ಲಿ ಆಡಿಸುತ್ತ ಬಾಗಿಲಿಗೆ ಬಂದು, ಅವಳಿಗಷ್ಟೇ ಕೇಳುವ ಹಾಗೆ ಅಂದ:

"ನಿನ್ನ ಡಬ್ಬಿ ಇಲ್ಲೇ ಐತಿ ತಂಗಿ. ಬೇಕಾದಾಗ ಬಂದು ಒಯ್ಯಿ. ಇಲ್ಲಾಂದ್ರ ನಾನ ನಿಮ್ಮಪ್ಪನ ಕೈಯಾಗ ಕೊಡ್ತೇನಿ, ಎಲ್ಲಿ ಬಿಟ್ಟಿದ್ದಿ ಅಂತ ಹೇಳಿ."

ಅಪ್ಪನ ಮಾತು ಅವಳಿಗೆ ನೆನಪಿರಲೇಬೇಕು. ಒಂದು ಸುದ್ದಿ ಬಿದ್ದರೂ ಕಾಲೇಜು ಬಂದ್. ತಲೆ ತಗ್ಗಿಸಿ ನಡೆದುಬಿಟ್ಟಳು. ಅದಾದ ಮೇಲೆ ಅವಳು ಆ ದಾರಿಯಲ್ಲಿ ಬರಲಿಲ್ಲ. ಒಂದು ಸ್ಟಾಪು ಹಿಂದೆಯೇ ಇಳಿದು, ಪೇಟೆ ಸುತ್ತಿ ಬರುತ್ತಿದ್ದಳಂತೆ.

ಹದಿನೆಂಟು ದಿನ ನಾನು ಆ ಹಲಗೆಯ ಮೇಲಿದ್ದೆ. ಮೇಲೆ ಹಿಟ್ಟಿನ ಧೂಳು, ಒಳಗೆ ನಾಚಿಕೆ. ಅವನು ದಿನಾ ವಿಭೂತಿ ಹಚ್ಚಿಕೊಳ್ಳುವುದನ್ನು ನೋಡಿದೆ. ಬಂದವರಿಗೆಲ್ಲ "ಆರಾಮ ಅದೀಯೇನವಾ" ಎಂದು ಕೇಳುವುದನ್ನು ಕೇಳಿದೆ. ಕೈಯ ಗಾಯ ಏನೆಂದು ಯಾರೋ ಕೇಳಿದಾಗ "ಬೆಲ್ಟಿಗೆ ಸಿಕ್ಕಿತ್ತು" ಎಂದ. ಎಲ್ಲರೂ ಅಯ್ಯೋ ಎಂದರು. ನನಗೆ ಬಾಯಿದ್ದರೆ! ಇತ್ತು ಬಾಯಿ, ಅಂಟಿಕೊಂಡಿತ್ತು.

ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಮಾಂತವ್ವ ಜೋಳ ಹೊತ್ತು ಬಂದಳು. ನಾಲ್ಕೈದು ಹೆಂಗಸರು ಸರದಿಯಲ್ಲಿ ಕೂತಿದ್ದರು. ಜೋಳ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಕಷ್ಟ ಹೇಳಿಕೊಳ್ಳತೊಡಗಿದಳು.

"ಗದಿಗೆಪ್ಪಣ್ಣ, ನನ್ನ ಮಗಳು ಈಗೀಗ ತಡಾ ಮಾಡಿ ಬರ್ತಾಳ. ಕೇಳಿದ್ರ ಮಾತಾಡೂದಿಲ್ಲ. ನೀವ ಒಂದೀಟು ನೋಡ್ಕೋರಿ ಅಣ್ಣಾ, ನಿಮ್ಮ ಮಗಳ ಅಂತ ತಿಳ್ಕೋರಿ."

"ಚಿಂತಿ ಬಿಡು ತಂಗಿ. ನಾ ಅದೀನಲ್ಲ" ಎಂದ ಗದಿಗೆಪ್ಪ. ಎಂದವನೇ ಅವಳ ಜೋಳ ತೂಗಲು ಹಲಗೆಯ ಮೇಲಿನ ಐದು ಕಿಲೋ ಕಲ್ಲು ಎತ್ತಿದ. ಅವನಿಗೆ ನನ್ನ ನೆನಪೇ ಇರಲಿಲ್ಲ. ಕಲ್ಲು ಸರಿದ ಜಾಗದಲ್ಲಿ ನಾನು ಕಂಡೆ.

ಮಾಂತವ್ವ ನನ್ನನ್ನು ನೋಡಿದಳು. ಬಂದು ನನ್ನನ್ನು ತೆಗೆದುಕೊಂಡಳು. ಸೆರಗಿನಿಂದ ಧೂಳು ಒರೆಸಿ ತಿರುಗಿಸಿದಳು. ಅವಳಿಗೆ ಓದು ಬರುವುದಿಲ್ಲ, ಆದರೆ ಆ ಚುಕ್ಕೆಗಳನ್ನು ಇಪ್ಪತ್ತು ವರ್ಷ ಹುಣಸೆಹಣ್ಣು ಹಚ್ಚಿ ತೊಳೆದವಳು.

"ಇದು ಇಲ್ಲಿ ಹೆಂಗ ಬಂತು?"

"ದಾರ್ಯಾಗ ಬಿದ್ದಿತ್ತು. ಯಾರದೋ ಏನೋ ಅಂತ ಇಟ್ಟೀನಿ."

"ಓದಾಕ ಬರ್ತೈತಲ್ಲ ನಿಮಗ? ತಳಕ್ಕ ನಮ್ಮ ಮಾವಾರ ಹೆಸರೈತಿ."

ಗದಿಗೆಪ್ಪ ನನ್ನನ್ನು ಇಸಿದುಕೊಳ್ಳಲು ಕೈ ಚಾಚಿದ. ಮಾಂತವ್ವ ಅವನ ಮುಂಗೈ ನೋಡಿದಳು. ಮಾಯುತ್ತಿದ್ದ ಗಾಯ ಅರ್ಧಚಂದ್ರಾಕಾರವಾಗಿ ಎದ್ದು ಕಾಣುತ್ತಿತ್ತು. ಅವಳು ಮಗುವಿಗೆ ಹಲ್ಲು ಬಂದಾಗ ಕಚ್ಚಿಸಿಕೊಂಡ ತಾಯಿ. ಅವಳಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ನನ್ನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ತೂಗದ ಜೋಳವನ್ನು ಮತ್ತೆ ತಲೆಯ ಮೇಲೆ ಎತ್ತಿಕೊಂಡಳು.

"ಯಾಕವಾ ಮಾಂತವ್ವ, ಬೀಸಸೂದಿಲ್ಲೇನು?" ಎಂದು ಸರದಿಯಲ್ಲಿದ್ದವಳೊಬ್ಬಳು ಕೇಳಿದಳು.

"ಇಲ್ಲಿ ಬ್ಯಾಡ" ಎಂದಳು, ಅಷ್ಟೆ.

ಅದು ಭಾನುವಾರ, ಶಿವಲೀಲಾ ಮನೆಯಲ್ಲೇ ಇದ್ದಳು. ಮಾಂತವ್ವ ನನ್ನನ್ನು ಅವಳ ಪುಸ್ತಕದ ಮೇಲೆ ಇಟ್ಟಳು. ಮಗಳು ನನ್ನನ್ನೇ ನೋಡಿದಳು. ಅಳು ಬರುವುದಕ್ಕೆ ಮೊದಲು ಬಂದ ಮಾತು ಇದು:

"ತೆಗಿಯಾಕ ನೋಡಿದ್ನೆವ್ವಾ. ತೆರೀಲಿಲ್ಲ."

ನನಗೆ ನೆಲ ಬಿರಿದು ನುಂಗಬಾರದೇ ಎನ್ನಿಸಿತು. ಅವಳು ಎಲ್ಲ ಹೇಳಿದಳು. ಕೈ ಹಿಡಿದದ್ದು, ನಕ್ಕದ್ದು, ಕಚ್ಚಿದ್ದು, ಮರುದಿನದ ಬೆದರಿಕೆ. "ಯಾಕ ಹೇಳಲಿಲ್ಲ ನನ್ನ ಮುಂದ?" ಎಂದು ತಾಯಿ ಕೇಳಿದರೆ, "ಹೇಳಿದ್ರ ಕಾಲೇಜು ಬಂದ್ ಅಲ್ಲೇನು?" ಎಂದಳು. ಮಾಂತವ್ವ ನನ್ನನ್ನು ತೆಗೆದುಕೊಂಡು ತಾನೇ ಒತ್ತಿ ನೋಡಿದಳು. ಸಂದಿಯ ಅಂಟನ್ನು ಉಗುರಿನಿಂದ ಮುಟ್ಟಿ, ಮೂಸಿದಳು.

"ಎಣ್ಣಿ ಹಚ್ಚಿದಾಕಿ ನಾನ" ಎಂದಳು. "ನೋಡ್ಕೋರಿ ಅಂತ ಅವಗ ಹೇಳಿದಾಕಿನೂ ನಾನ." ಹಣೆ ಹಣೆ ಬಡಿದುಕೊಂಡಳು. ಮಗಳು ಆ ಕೈ ಹಿಡಿದುಕೊಂಡಳು.

ಸಂಜೆ ಪರಸಪ್ಪ ಬಂದ. ಕೇಳಿದ. ಗೋಡೆಗೆ ಒರಗಿ ಕೂತ. ಕಣ್ಣು ಕೆಂಪಾಗಿದ್ದವು. ಆಮೇಲೆ ಮಗಳ ಮುಖ ನೋಡದೆ ಹೇಳಿದ:

"ಊರಿಗೆ ಗೊತ್ತಾದ್ರ ತಲಿ ಎತ್ತಿ ತಿರಗಾಕ ಆಗೂದಿಲ್ಲ. ನಾಳಿಂದ ಕಾಲೇಜು ಬಂದ್."

ಶಿವಲೀಲಾ ಪುಸ್ತಕ ಮುಚ್ಚಿದಳು. ಅಷ್ಟು ಮೆಲ್ಲಗೆ ಮುಚ್ಚಿದಳು ಎಂದರೆ ನನಗಷ್ಟೇ ಕೇಳಿತು. ಆ ಮನೆಯಲ್ಲಿ ಆ ಹೊತ್ತು ಎಲ್ಲರಿಗೂ ನಾಚಿಕೆ. ಕೈ ಹಿಡಿಸಿಕೊಂಡೆನೆಂದು ಮಗಳಿಗೆ, ನಂಬಿದೆನೆಂದು ತಾಯಿಗೆ, ಊರಿಗೆ ಮುಖ ತೋರಿಸುವುದು ಹೇಗೆಂದು ತಂದೆಗೆ, ತೆರೆಯಲಿಲ್ಲವೆಂದು ನನಗೆ. ಗಿರಣಿಯಲ್ಲಿ ಒಬ್ಬ ಮಾತ್ರ ಯಾವ ನಾಚಿಕೆಯೂ ಇಲ್ಲದೆ ಹಿಟ್ಟು ಬೀಸುತ್ತಿದ್ದ.

ಮಾಂತವ್ವ ಎದ್ದು ನಿಂತಳು. ಮದುವೆಯಾದಂದಿನಿಂದ ಗಂಡನಿಗೆ ಎದುರಾಡಿದವಳಲ್ಲ.

"ಬಂದ್ ಆಗೂದು ಗಿರಣಿ. ಕಾಲೇಜು ಯಾಕ ಆಗ್ತೈತಿ?"

ಪರಸಪ್ಪ ತಲೆ ಎತ್ತಿದ.

"ಊರಿಗೆ ಗೊತ್ತಾಗ್ಲಿ. ನಾನ ಹೇಳ್ತೇನಿ. ನಾಳೆ ಪೇಟ್ಯಾಗ ನೂರು ಮಂದಿ ಹೆಂಗಸರು ತೊಟ್ಟು ಬಿಡಿಸಾಕ ಕೂತಿರ್ತಾರ, ಅವರ ನಡುವ ನಿಂತು ಹೇಳ್ತೇನಿ. ಅವರ ಮಕ್ಕಳೂ ಆ ಗಿರಣಿ ಮುಂದನ ಹಾಯ್ದು ಬರ್ತಾವ. ನೀವು ತಲಿ ತಗ್ಗಸ್ರಿ, ಬ್ಯಾಡ ಅನ್ನೂದಿಲ್ಲ. ನನ್ನ ಮಗಳು ಮಾತ್ರ ತಗ್ಗಸೂದಿಲ್ಲ."

ಅವಳು ಹೇಳಿದಂತೆಯೇ ಮಾಡಿದಳು. ಕೆಂಪು ರಾಶಿಗಳ ನಡುವೆ ನಿಂತು ನನ್ನನ್ನು ಎತ್ತಿ ಹಿಡಿದು ಹೇಳಿದಳು. ದನಿ ನಡುಗಿತು, ನಿಲ್ಲಲಿಲ್ಲ. ಹೆಂಗಸರು ತೊಟ್ಟು ಬಿಡಿಸುವುದನ್ನು ನಿಲ್ಲಿಸಿದರು. ಒಬ್ಬಳು ನೆಲ ನೋಡುತ್ತ, "ನನ್ನ ತಂಗಿ ಆ ಗಿರಣಿಗೆ ಹೋಗೂದ ಬಿಟ್ಟು ಎರಡು ವರ್ಷ ಆತು. ಯಾಕಂತ ನಾವು ಕೇಳಲಿಲ್ಲ" ಎಂದಳು. ಮಧ್ಯಾಹ್ನ ಠಾಣೆಗೆ ಹೋಗುವಾಗ ಮಾಂತವ್ವನ ಜೊತೆ ಹದಿನಾಲ್ಕು ಹೆಂಗಸರಿದ್ದರು, ಕೈಗೆಲ್ಲ ಖಾರದ ಬಣ್ಣ. ಪರಸಪ್ಪನೂ ಬಂದಿದ್ದ. ಹಿಂದೆ ಹಿಂದೆ ಇದ್ದ, ಆದರೆ ಬಂದಿದ್ದ. ದೂರು ಬರೆಸುವಾಗ ಮಗಳ ಪಕ್ಕ ಬಂದು ನಿಂತ.

ಠಾಣೆಯಲ್ಲಿ ನನ್ನನ್ನು ಬಿಳಿ ಬಟ್ಟೆಯಲ್ಲಿ ಹೊಲಿದು, ಅರಗಿನ ಮುದ್ರೆ ಒತ್ತಿ, ಚೀಟಿ ಕಟ್ಟಿದರು. ಅಂದಿನಿಂದ ನಾನು ಡಬ್ಬಿಯಲ್ಲ, ಮುದ್ದೆಮಾಲು, ಎಂದರೆ ಕೇಸಿನ ಸಾಕ್ಷಿಯ ವಸ್ತು. ಎರಡೂವರೆ ವರ್ಷ ಕಪಾಟಿನ ಕತ್ತಲಲ್ಲಿ ಇದ್ದೆ. ಒಂದು ಕುಡಗೋಲು, ಒಂದು ಸೈಕಲ್ ಚೈನು, ಒಡೆದ ಮೊಬೈಲು ನನ್ನ ನೆರೆಯವರು. ಅವೆಲ್ಲ ಏನೋ ಒಂದು ಮಾಡಿ ಬಂದವು. ಏನೂ ಮಾಡದೆ ಬಂದವನು ನಾನೊಬ್ಬನೇ. ಅವರ ನಡುವೆಯೂ ನನಗೆ ತಲೆ ಎತ್ತಲಾಗುತ್ತಿರಲಿಲ್ಲ.

ಕೊನೆಗೆ ಒಂದು ದಿನ ನ್ಯಾಯಾಲಯದಲ್ಲಿ ನನ್ನ ಬಟ್ಟೆ ಬಿಚ್ಚಿದರು. ಕಟಕಟೆಯಲ್ಲಿ ಗದಿಗೆಪ್ಪ, ವಿಭೂತಿ ಇನ್ನೂ ದಪ್ಪ. ಎದುರು ಸಾಕ್ಷಿಯ ಜಾಗದಲ್ಲಿ ಶಿವಲೀಲಾ. ಬಿಳಿ ಸಮವಸ್ತ್ರದಲ್ಲಿದ್ದಳು. ಮೂರನೆಯ ವರ್ಷ, ಆಸ್ಪತ್ರೆಯ ಡ್ಯೂಟಿಯಿಂದ ನೇರ ಬಂದಿದ್ದಳು. ಆ ಬಿಳಿ ಬಟ್ಟೆ ನೋಡಿ ನನಗೆ ಎಷ್ಟು ಹಿತವಾಯಿತು ಎಂದು ಹೇಳಲಾರೆ.

ಗದಿಗೆಪ್ಪನ ಕಡೆಯ ವಕೀಲರು ನನ್ನನ್ನು ಎತ್ತಿಕೊಂಡರು.

"ನೋಡಮ್ಮಾ, ಆತ ಕೈ ಹಿಡಿದ, ಕೂಡಲೇ ಈ ಡಬ್ಬಿ ತೆಗೆದೆ ಅಂತ ಹೇಳ್ತೀಯ. ಒಳಗೆ ಖಾರಪುಡಿ ಇತ್ತು ಅಂತೀಯ. ಇಷ್ಟು ಸಣ್ಣ ನಶ್ಯದ ಡಬ್ಬಿ, ಮುದುಕರು ಒಂದೇ ಕೈಯಲ್ಲಿ ತೆರೆಯುವಂಥದ್ದು. ತೆರೆಯಲಿಲ್ಲ ಅಂದರೆ ಏನರ್ಥ? ನಿನಗೆ ತೆರೆಯುವ ಮನಸ್ಸೇ ಇರಲಿಲ್ಲ ಅಂತಲ್ಲವೇ?"

ಹಿಂದಿನ ಬೆಂಚಿನಲ್ಲಿ ಮಾಂತವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಶಿವಲೀಲಾ ವಕೀಲರನ್ನು ನೋಡಿದಳು, ಅಂದು ಬಸ್ಸಿನಲ್ಲಿ ಆ ಮನುಷ್ಯನನ್ನು ದಿಟ್ಟಿಸಿದಂತೆಯೇ.

"ನೀವ ತೆಗೀರಿ ಸರ್" ಎಂದಳು.

ವಕೀಲರು ನಕ್ಕು ಹೆಬ್ಬೆರಳಿನಿಂದ ಒತ್ತಿದರು. ನಾನು ಹಿಡಿದುಕೊಂಡೆ. ಇನ್ನೂ ಗಟ್ಟಿಯಾಗಿ ಒತ್ತಿದರು. ಎರಡೂ ಕೈ ಹಚ್ಚಿದರು. ಕರವಸ್ತ್ರ ತೆಗೆದು ಸುತ್ತಿ ತಿರುವಿದರು. ಹ್ಞೂಂ ಹ್ಞೂಂ. ಅಂದು ತೆರೆಯಬೇಕೆಂದು ಒದ್ದಾಡಿದ್ದಕ್ಕಿಂತ ಹತ್ತು ಪಟ್ಟು ಹಟದಿಂದ ಇಂದು ಮುಚ್ಚಿಕೊಂಡೆ. ಜೀವ ಹೋದರೂ ತೆರೆಯಬಾರದು ಎಂದುಕೊಂಡೆ. ಅವರ ಹಣೆಯಲ್ಲಿ ಬೆವರು ಬಂತು. ಮೇಜಿನ ಅಂಚಿಗೆ ಬಡಿಯಲು ಎತ್ತಿದಾಗ ನ್ಯಾಯಾಧೀಶರು, "ಸಾಕು, ಕೆಳಗಿಡಿ. ತೆರೆಯುವುದಿಲ್ಲ ಎಂದು ದಾಖಲಾಗಲಿ" ಎಂದರು.

ಆಗ ನಾನು ಕಟಕಟೆಯ ಕಡೆ ನೋಡಿದೆ. ಗದಿಗೆಪ್ಪ ತಲೆ ತಗ್ಗಿಸಿದ್ದ. ಅವನ ತಲೆ ಬಗ್ಗಿದ್ದನ್ನು ನೋಡಿದ್ದು ಅದೇ ಮೊದಲು.

ಅವನಿಗೆ ಶಿಕ್ಷೆಯಾಯಿತು. ಮೇಲಿನ ಕೋರ್ಟಿಗೆ ಹೋಗಿದ್ದಾನೆ. ಅದು ಮುಗಿಯುವ ತನಕ ನನಗೆ ಬಿಡುಗಡೆಯಿಲ್ಲ. ಮತ್ತೆ ಇದೇ ಕಪಾಟು, ಇದೇ ಕುಡಗೋಲು, ಚೈನು. ಗಿರಣಿಗೆ ಬೀಗ ಬಿದ್ದಿದೆಯಂತೆ. ಹೆಂಗಸರು ಜೋಳ ಹೊತ್ತು ದೂರದ ಓಣಿಗೆ ಹೋಗುತ್ತಾರಂತೆ, ಕಾಲು ನೋಯುತ್ತದೆ ಎಂದು ಬೈಯುತ್ತಲೇ ಹೋಗುತ್ತಾರಂತೆ.

ನನ್ನ ನಾಚಿಕೆ ಪೂರ್ತಿ ಹೋಯಿತೇ ಎಂದು ಕೇಳಿದರೆ, ಇಲ್ಲ. ಕೋರ್ಟಿನಲ್ಲಿ ಆದದ್ದು ಒಳ್ಳೆಯದೇ, ಆದರೆ ಆ ಮಧ್ಯಾಹ್ನ ನಾಲ್ಕು ಗಂಟೆಗೆ ಆ ತಣ್ಣನೆಯ ಹೆಬ್ಬೆರಳು ಕೇಳಿದ್ದು ನನ್ನ ಸಾಕ್ಷಿಯನ್ನಲ್ಲ. ಒಳಗಿಂದು ಹೊರಗೆ ಬರಬಾರದು ಎಂದ ಮೌನೇಶಪ್ಪನನ್ನು ಈಗ ಕಂಡರೆ, ಒಂದೊಂದು ಸಲ ಬರಲೇಬೇಕಪ್ಪಾ ಎಂದು ಹೇಳುತ್ತೇನೆ.

ಸಾಕ್ಷಿ ಹೇಳಿದ ದಿನ ಹೊರಡುವಾಗ ಶಿವಲೀಲಾ ಕೋರ್ಟಿನ ಗುಮಾಸ್ತರನ್ನು ಕೇಳಿದಳು:

"ಕೇಸು ಎಲ್ಲಾ ಮುಗದ ಮ್ಯಾಲ ಡಬ್ಬಿ ನಮಗ ಸಿಗತೈತೇನ್ರಿ? ನಮ್ಮಜ್ಜಂದದು."

"ಅರ್ಜಿ ಕೊಟ್ಟರೆ ಸಿಗುತ್ತದೆ" ಎಂದರು ಅವರು.

ಮಾಂತವ್ವ ಮಗಳ ಕೈ ಎಳೆದಳು. "ಸುಡು ಅತ್ತಾಗ. ಇನ್ನ ಯಾಕ ಬೇಕ ಅದು?"

"ತೆಗೀಬೇಕವ್ವಾ" ಎಂದಳು ಶಿವಲೀಲಾ. "ಒಂದ ಸಲಾ."

ನಾನು ಕಾಯುತ್ತಿದ್ದೇನೆ.